ಗೋಲಿಗೆ ಎರಡು ಪಾಸ್ ಹಿಂದೆ ನಿಂತ ನಾಯಕ

2023ರ ಜುಲೈ 4ರ ರಾತ್ರಿ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್. ಪಂದ್ಯ ಶುರುವಾಗಿ 14ನೇ ನಿಮಿಷಕ್ಕೇ ಶಬೀಬ್ ಅಲ್ ಖಾಲ್ದಿ ಹೊಡೆದ ಗೋಲಿನಿಂದ ಕುವೈತ್ ಮುಂದಿತ್ತು. ಅದೇ ಟೂರ್ನಿಯ ಲೀಗ್ ಹಂತದಲ್ಲಿ ಭಾರತವನ್ನು 1–1ಕ್ಕೆ ತಡೆದು ನಿಲ್ಲಿಸಿದ್ದ ತಂಡ ಅದು. ಮೊದಲಾರ್ಧ ಮುಗಿಯುವ ಮೊದಲೇ ಭಾರತ ಉತ್ತರ ಕೊಟ್ಟಿತು. ಆಶಿಕ್ ಕುರುಣಿಯನ್ ಕೊಟ್ಟ ಚೆಂಡನ್ನು ನಾಯಕ ಸುನಿಲ್ ಚೆಟ್ರಿ ಹೆಚ್ಚು ಹೊತ್ತು ಕಾಲಲ್ಲಿ ಇಟ್ಟುಕೊಳ್ಳದೆ ಕುವೈತ್ ರಕ್ಷಣೆಯ ನಡುವೆ ಸಹಲ್ ಅಬ್ದುಲ್ ಸಮದ್‌ಗೆ ದಾಟಿಸಿದರು. ಸಹಲ್ ಗೋಲಿನ ಮುಂದೆ ಅಡ್ಡಲಾಗಿ ತಳ್ಳಿದರು, ಓಡಿ ಬಂದ ಛಾಂಗ್ಟೆ ಮುಗಿಸಿದರು. ಸ್ಕೋರು 1–1.

ಮರುದಿನದ ಪತ್ರಿಕೆಯ ಲೆಕ್ಕದಲ್ಲಿ ಆ ಗೋಲು ಛಾಂಗ್ಟೆಯದು, ಅದಕ್ಕೆ ನೆರವು ಸಹಲ್‌ದು. ನಾಯಕನ ಹೆಸರು ಆ ಸಾಲಿನಲ್ಲಿ ಎಲ್ಲೂ ಬರುವುದಿಲ್ಲ. ಆ ಟೂರ್ನಿಯಲ್ಲಿ ಪಾಕಿಸ್ತಾನದ ಮೇಲಿನ ಹ್ಯಾಟ್ರಿಕ್ ಸೇರಿ ಐದು ಗೋಲು ಹೊಡೆದ ಚೆಟ್ರಿಯನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದ್ದೇ. ಆದರೆ ನಾಯಕತ್ವ ಅಂದರೇನು ಅಂತ ಯಾರಾದರೂ ನನ್ನನ್ನು ಕೇಳಿದರೆ ಆ ಐದು ಗೋಲುಗಳನ್ನು ಪಕ್ಕಕ್ಕಿಟ್ಟು, ಸ್ಕೋರ್‌ಪಟ್ಟಿಗೆ ಬಾರದ ಈ ಒಂದು ಪಾಸನ್ನೇ ತೋರಿಸುತ್ತೇನೆ. ಗೋಲು ಹೊಡೆಯುವುದೇ ಕಸುಬಾದ ಸ್ಟ್ರೈಕರ್, 38ನೇ ವಯಸ್ಸಿನಲ್ಲಿ, ತಂಡ ಹಿಂದೆ ಬಿದ್ದಿರುವಾಗ, ಗೋಲಿನ ಬಾಯಿ ಬಿಟ್ಟು ನಡುವಿಗೆ ಇಳಿದು ಬಂದು ಚೆಂಡು ಕೇಳಿದ. ಅವನು ಮುಂದೆಯೇ ನಿಂತಿದ್ದರೆ ಕುವೈತ್‌ನ ಡಿಫೆಂಡರುಗಳು ಅವನಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತಿದ್ದರು. ಅವನು ಕೆಳಗಿಳಿದದ್ದರಿಂದ ಹಿಂದೆ ಜಾಗ ತೆರೆಯಿತು, ಆ ಜಾಗಕ್ಕೇ ಸಹಲ್ ನುಗ್ಗಿದ್ದು.

ನಮ್ಮ ಕಡೆ ಫುಟ್‌ಬಾಲ್ ಅಂದರೆ ಇನ್ನೂ ಅಷ್ಟಕ್ಕಷ್ಟೆ. ಮನಗೂಳಿಯಂಥ ಊರಿನಲ್ಲಿ ಹುಡುಗರ ಕಾಲು ಮೊದಲು ಕಬಡ್ಡಿಗೆ, ಆಮೇಲೆ ವಾಲಿಬಾಲಿಗೆ, ಈಗೀಗ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಎಳೆಯುತ್ತದೆ. ವಿಜಯಪುರ ಜಿಲ್ಲೆಯ ಹೆಸರು ದೇಶಕ್ಕೆ ಗೊತ್ತಾಗಿದ್ದು ಸೈಕ್ಲಿಂಗ್‌ನಿಂದ, ಮತ್ತೆ ಭಾರತ ಮಹಿಳಾ ಕ್ರಿಕೆಟ್ ತಂಡದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ ಅವರಿಂದ. ಆದರೂ ವಿಶ್ವಕಪ್ ಬಂತೆಂದರೆ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲೆಡೆಯೂ ಹುಡುಗರು ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂಡುತ್ತಾರೆ. ಅವರು ನೋಡುವುದು ಗೋಲು. ಯಾರು ಹೊಡೆದ, ಎಷ್ಟನೇ ನಿಮಿಷ, ಹೊಡೆದ ಮೇಲೆ ಹೇಗೆ ಕುಣಿದ. ಅದರ ಹಿಂದಿನ 20 ಸೆಕೆಂಡುಗಳಲ್ಲಿ ಏನಾಯಿತು ಅನ್ನುವುದನ್ನು ಹೇಳುವವರು ಕಡಿಮೆ. ಹಾಗಾಗಿ ಈ ವಾರ ಅದನ್ನೇ ಬರೆಯೋಣ ಅನ್ನಿಸಿತು.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ಕ್ರಿಕೆಟ್ ನೋಡಿ ಬೆಳೆದವರಿಗೆ ನಾಯಕ ಅಂದರೆ ಅಂಗಳದ ಒಡೆಯ. ಬೌಲರ್‌ನನ್ನು ಬದಲಿಸುವವನು ಅವನು, ಸ್ಲಿಪ್‌ನಲ್ಲಿ ಇನ್ನೊಬ್ಬನನ್ನು ನಿಲ್ಲಿಸುವವನು ಅವನು, ಅಂಪೈರ್ ತೀರ್ಪನ್ನು ಮರುಪರಿಶೀಲನೆಗೆ ಕಳಿಸುವವನೂ ಅವನೇ. ಓವರ್ ಮುಗಿದಾಗಲೆಲ್ಲ ಯೋಚಿಸಲು ಅವನಿಗೆ ಸಮಯ ಸಿಗುತ್ತದೆ. ಫುಟ್‌ಬಾಲ್ ನಾಯಕನಿಗೆ ಇವುಗಳಲ್ಲಿ ಒಂದೂ ಇಲ್ಲ. ಆಟಗಾರರನ್ನು ಬದಲಿಸುವ ಅಧಿಕಾರ ಅಂಚಿನ ಗೆರೆಯಾಚೆ ನಿಂತ ಕೋಚ್‌ನದು. ಯಾರು ಎಲ್ಲಿ ಆಡಬೇಕೆಂಬುದು ಪಂದ್ಯಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಆಟದ ನಿಯಮಪುಸ್ತಕವೇ ನಾಯಕನಿಗೆ ವಿಶೇಷ ಸ್ಥಾನಮಾನವಾಗಲಿ ಸವಲತ್ತಾಗಲಿ ಇಲ್ಲವೆಂದು ಹೇಳಿ, ತಂಡದ ನಡತೆಗೆ ಒಂದಿಷ್ಟು ಹೊಣೆಯನ್ನು ಮಾತ್ರ ಅವನ ಹೆಗಲಿಗೆ ಹಾಕುತ್ತದೆ. ಟಾಸ್‌ಗೆ ಹೋಗುವುದು, ತೋಳಿಗೆ ಪಟ್ಟಿ ಕಟ್ಟುವುದು, ಇಷ್ಟೇ ಅವನಿಗೆ ಬರೆದು ಕೊಟ್ಟ ಕೆಲಸ. ಆ ಪಟ್ಟಿ ಕಟ್ಟಲೇಬೇಕೆಂದು ನಿಯಮದಲ್ಲಿ ಸೇರಿದ್ದು ಕೂಡ ಈಚೆಗೆ, 2024ರಲ್ಲಿ.

ಅದೇ ವರ್ಷದ ಯುರೋ ಕಪ್‌ನಲ್ಲಿ ಇನ್ನೊಂದು ಕ್ರಮ ಬಂತು: ರೆಫರಿಯ ತೀರ್ಪಿನ ಬಗ್ಗೆ ಕೇಳಲು ನಾಯಕ ಒಬ್ಬನೇ ಹತ್ತಿರ ಹೋಗಬೇಕು, ಉಳಿದವರು ಮುತ್ತಿಕೊಂಡರೆ ಹಳದಿ ಕಾರ್ಡ್. ಫುಟ್‌ಬಾಲ್ ಜಗತ್ತಿನಲ್ಲಿ ಇದು ದೊಡ್ಡ ಸುಧಾರಣೆಯಂತೆ ಸುದ್ದಿಯಾಯಿತು. ನಮ್ಮೂರ ವಾಲಿಬಾಲ್ ಆಟಗಾರರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಅಲ್ಲಿ ಮೊದಲಿನಿಂದಲೂ ರೆಫರಿಯೊಡನೆ ಮಾತಾಡುವ ಹಕ್ಕು ಅಂಕಣದೊಳಗಿನ ನಾಯಕನಿಗೆ ಮಾತ್ರ.

ಹೀಗೆ ಅಧಿಕಾರವೇ ಇಲ್ಲದವನು ತಂಡವನ್ನು ನಡೆಸುವುದು ಹೇಗೆ? ಕೂಗಿ ಹೇಳಬಹುದು, ನಿಜ. ಆದರೆ 1997ರ ಜುಲೈ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಆಡಿದ ಫೆಡರೇಷನ್ ಕಪ್ ಸೆಮಿಫೈನಲ್‌ಗೆ 1,31,000ಕ್ಕೂ ಹೆಚ್ಚು ಜನ ಸೇರಿದ್ದರು. ಅಂಥ ಗದ್ದಲದಲ್ಲಿ 20 ಮೀಟರ್ ಆಚೆ ನಿಂತವನಿಗೆ ನಿಮ್ಮ ಕೂಗು ಮುಟ್ಟುವುದಿಲ್ಲ. ಆಗ ನಾಯಕನ ಬಳಿ ಉಳಿಯುವುದು ಅವನ ಆಟ ಮಾತ್ರ. ತಾನು ಎಲ್ಲಿ ನಿಲ್ಲುತ್ತಾನೆ, ಚೆಂಡು ಬಂದಾಗ ಏನು ಮಾಡುತ್ತಾನೆ, ಯಾರಿಗೆ ಕೊಡುತ್ತಾನೆ, ಎಷ್ಟು ಬೇಗ ಕೊಡುತ್ತಾನೆ ಎಂಬುದರಿಂದಲೇ ಉಳಿದ ಹತ್ತು ಮಂದಿಗೆ ಸೂಚನೆ ಹೋಗಬೇಕು. ಇದಕ್ಕೆ ಅಂಗಳದಲ್ಲಿ ತಕ್ಕ ಜಾಗವೆಂದರೆ ನಡುಭಾಗ. ಗೋಲ್‌ಕೀಪರ್‌ಗೆ ಆಟವೆಲ್ಲ ಕಾಣುತ್ತದೆ, ಆದರೆ ಕೈಗೆ ಎಟಕುವುದಿಲ್ಲ. ಸ್ಟ್ರೈಕರ್‌ಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ಮಿಡ್‌ಫೀಲ್ಡರ್‌ಗೆ ಮಾತ್ರ ಎರಡೂ ಕಡೆ ದಾರಿಯಿದೆ, ಎರಡೂ ಕಡೆಯಿಂದ ಪೆಟ್ಟೂ ಇದೆ.

ಇಲ್ಲೊಂದು ಸಣ್ಣ ಲೆಕ್ಕ ಹಾಕಬಹುದು. ಪಂದ್ಯ 90 ನಿಮಿಷದ್ದಾದರೂ ಚೆಂಡು ಹೊರಗೆ ಹೋಗಿದ್ದು, ಫೌಲ್ ಆಗಿ ನಿಂತದ್ದು ಎಲ್ಲ ಕಳೆದರೆ ನಿಜವಾಗಿ ಆಟ ನಡೆಯುವುದು ಒಂದು ತಾಸಿನ ಆಸುಪಾಸು. ಆ ಒಂದು ತಾಸನ್ನು 22 ಜನರಿಗೆ ಹಂಚಿದರೆ ಒಬ್ಬೊಬ್ಬರ ಕಾಲಲ್ಲಿ ಚೆಂಡು ಇರುವುದು ಮೂರು ನಿಮಿಷಕ್ಕಿಂತ ಕಡಿಮೆ. ಒಳ್ಳೆಯ ಮಿಡ್‌ಫೀಲ್ಡರ್‌ಗೆ ಇನ್ನೊಂದಿಷ್ಟು ಹೆಚ್ಚು ಸಿಗಬಹುದು. ಆದರೆ ಅವನು ಪಂದ್ಯವೊಂದರಲ್ಲಿ ಓಡುವ ಹನ್ನೊಂದು ಹನ್ನೆರಡು ಕಿಲೋಮೀಟರಿನಲ್ಲಿ ಬಹುಪಾಲು ಚೆಂಡಿಲ್ಲದ ಓಟ. ಟಿವಿಯ ಕ್ಯಾಮೆರಾ ಚೆಂಡನ್ನೇ ಹಿಂಬಾಲಿಸುವುದರಿಂದ ನಾಯಕನ ಮುಖ್ಯ ಕೆಲಸ ನಮಗೆ ಕಾಣುವುದೇ ಇಲ್ಲ.

ಚೆಂಡು ಬರುವ ಮುಂಚೆ ಮಿಡ್‌ಫೀಲ್ಡರ್ ಮಾಡುವ ಒಂದು ಕೆಲಸವನ್ನು ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ಮುಖವನ್ನೇ ಕ್ಯಾಮೆರಾದಲ್ಲಿ ಹಿಡಿದು, ಚೆಂಡು ಕಾಲಿಗೆ ತಲುಪುವ ಮುನ್ನಿನ ಕೆಲವು ಸೆಕೆಂಡುಗಳಲ್ಲಿ ಯಾರು ಎಷ್ಟು ಸಲ ಕತ್ತು ತಿರುಗಿಸಿ ಸುತ್ತಮುತ್ತ ನೋಡುತ್ತಾರೆಂದು ಅವರು ಎಣಿಸಿದರು. ಹೆಚ್ಚು ಸಲ ನೋಡುವವರು ಮುಂದಕ್ಕೆ ಕೊಟ್ಟ ಪಾಸುಗಳು ಸರಿಯಾದವರಿಗೆ ಮುಟ್ಟುವುದು ಹೆಚ್ಚು ಎಂದು ಕಂಡಿತು. ಫ್ರಾಂಕ್ ಲ್ಯಾಂಪಾರ್ಡ್ ಹೀಗೆ ನೋಡುವವರಲ್ಲಿ ಮುಂಚೂಣಿಯಲ್ಲಿದ್ದವರು. ನೋಡದೆ ಇರುವವನು ಚೆಂಡು ಬಂದ ಮೇಲೆ ತಲೆ ಎತ್ತುತ್ತಾನೆ, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ, ಚೆಂಡು ಹಿಂದಕ್ಕೇ ಹೋಗುತ್ತದೆ. ಇದನ್ನು ಕಲಿಸಲು ಕ್ರೀಡಾಂಗಣ ಬೇಡ, ಹುಲ್ಲೂ ಬೇಡ. ನಮ್ಮ ಎರೆಹೊಲದ ಬಿರುಕು ನೆಲದ ಮೇಲೂ ಕಲಿಸಬಹುದು.

ಎರಡನೆಯ ಕೆಲಸ ವೇಗ ನಿರ್ಧರಿಸುವುದು. ಎದುರಾಳಿ ಚದುರಿದಾಗ ಚೆಂಡು ಎರಡು ಸ್ಪರ್ಶದಲ್ಲಿ ಮುಂದೆ ಹೋಗಬೇಕು. ತನ್ನವರು ದಣಿದಾಗ, ಸಾಲು ಕದಡಿದಾಗ ಅದೇ ಚೆಂಡನ್ನು ಪಕ್ಕಕ್ಕೆ, ಹಿಂದಕ್ಕೆ ಆಡಿಸಿ ಉಸಿರಾಡಲು ಬಿಡಬೇಕು. ಹಿಂದಕ್ಕೆ ಪಾಸ್ ಕೊಟ್ಟರೆ ನಮ್ಮ ಪ್ರೇಕ್ಷಕರು ಬೈಯುತ್ತಾರೆ. ಬೈಸಿಕೊಳ್ಳುವ ಧೈರ್ಯ ಇರುವವನಿಗೇ ಆ ಪಟ್ಟಿ ಕಟ್ಟಬೇಕು. ಮೂರನೆಯದು ಅಂತರ ಕಾಯುವುದು. ಡಿಫೆಂಡರುಗಳ ಸಾಲಿಗೂ ಫಾರ್ವರ್ಡ್‌ಗಳ ಸಾಲಿಗೂ ನಡುವೆ ಹೆಚ್ಚು ಜಾಗ ಬಿಟ್ಟರೆ ಎದುರಾಳಿ ಅಲ್ಲೇ ಬಿಡಾರ ಹೂಡುತ್ತಾನೆ. ಸೈಕಲ್ ಓಟ ಬಲ್ಲ ವಿಜಯಪುರದವರಿಗೆ ಇದು ಬೇಗ ತಿಳಿಯುತ್ತದೆ: ಮುಂದೆ ಗಾಳಿಗೆ ಎದೆಯೊಡ್ಡಿ ತುಳಿಯುವವನ ಬೆನ್ನಿಗೆ ಅಂಟಿಕೊಂಡು ಬಂದರೆ ಹಿಂದಿನವನ ಶಕ್ತಿ ಉಳಿಯುತ್ತದೆ, ನಡುವೆ ಅಂತರ ಬಿದ್ದರೆ ಗುಂಪೇ ಒಡೆಯುತ್ತದೆ. ಮಿಡ್‌ಫೀಲ್ಡ್ ನಾಯಕ ಆ ಅಂತರ ಬೀಳದಂತೆ ಇಡೀ ಪಂದ್ಯ ಮುಂದೆ ಹಿಂದೆ ಓಡುತ್ತಲೇ ಇರುತ್ತಾನೆ.

ಫ್ರಾನ್ಸಿನ ಡಿಡಿಯೆ ಡೆಷಾಂಪ್ ಇಂಥ ಆಟಗಾರ. ಚೆಂಡು ಕಸಿದು ಚೆನ್ನಾಗಿ ಆಡುವವರ ಕಾಲಿಗೆ ತಲುಪಿಸುವುದಷ್ಟೇ ಅವರ ಆಟ. ಅದನ್ನು ನೋಡಿ ಅವರದೇ ದೇಶದ ಎರಿಕ್ ಕ್ಯಾಂಟೊನಾ, ಇವನು ನೀರು ಹೊರುವವನು ಎಂದು ಹಂಗಿಸಿದ್ದರು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೊಡ ಇಟ್ಟು ಕಾದ ಜನ ನಾವು, ಇದನ್ನು ಬೈಗುಳವೆಂದು ಒಪ್ಪುವುದು ಕಷ್ಟ. ಆ ನೀರು ಹೊರುವವನೇ 1998ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದ, 2018ರಲ್ಲಿ ಕೋಚ್ ಆಗಿ ಮತ್ತೊಮ್ಮೆ ಗೆದ್ದ. ಕ್ಯಾಂಟೊನಾ ವಿಶ್ವಕಪ್ಪಿನ ಒಂದು ಪಂದ್ಯವನ್ನೂ ಆಡಲಿಲ್ಲ.

ನಮ್ಮ ನಾಡಿನಲ್ಲೇ ಇಂಥ ಒಬ್ಬ ನಾಯಕನಿದ್ದ, ಕಾರ್ಲಟನ್ ಚಾಪ್ಮನ್. ಚೆಟ್ರಿ ದೂರದಿಂದ ಬಂದು ಬೆಂಗಳೂರಿನವನಾದರೆ ಚಾಪ್ಮನ್ ಬೆಂಗಳೂರಿನಲ್ಲೇ, 1971ರ ಏಪ್ರಿಲ್ 13ರಂದು ಹುಟ್ಟಿದವರು. ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಸೇರಿದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿತು, ಅದರಲ್ಲಿ ಚಾಪ್ಮನ್ ಹ್ಯಾಟ್ರಿಕ್ ಇತ್ತು. ಆಗಿನ ಇರಾಕಿ ಕ್ಲಬ್ಬೆಂದರೆ ಭಾರತದ ತಂಡಗಳು ನಡುಗುತ್ತಿದ್ದ ಕಾಲ. ಇಪ್ಪತ್ತೆರಡರ ಹುಡುಗ, ಅದೂ ಮಿಡ್‌ಫೀಲ್ಡರ್, ಮೂರು ಗೋಲು ಹೊಡೆದದ್ದನ್ನು ಕೋಲ್ಕತ್ತದ ಹಳೆಯ ಅಭಿಮಾನಿಗಳು ಇವತ್ತಿಗೂ ಹೇಳುತ್ತಾರೆ.

ಹ್ಯಾಟ್ರಿಕ್‌ನ ಹೆಸರಿನಲ್ಲೇ ಅವರು ಬದುಕಬಹುದಿತ್ತು. ಹಾಗೆ ಮಾಡಲಿಲ್ಲ. 1995ರಲ್ಲಿ ಪಂಜಾಬಿನ ಜೆಸಿಟಿಗೆ ಹೋದರು. ಅಲ್ಲಿ ಮುಂದೆ ಆಡುತ್ತಿದ್ದವರು ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ. ಆ ಇಬ್ಬರಿಗೆ ಚೆಂಡು ಒದಗಿಸುವವರಲ್ಲಿ ಚಾಪ್ಮನ್ ಪ್ರಮುಖರು. ದೇಶದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೆದದ್ದು 1996–97ರಲ್ಲಿ, ಗೆದ್ದದ್ದು ಜೆಸಿಟಿ. ಗೆಲುವಿನ ಚಿತ್ರಗಳಲ್ಲಿ ವಿಜಯನ್, ಭುಟಿಯಾ ಮುಂದೆ ಇರುತ್ತಾರೆ. ನಡುವೆ ಆಡಿದವರ ಹಣೆಬರಹವೇ ಅದು.

ಒಂದು ಸೀಸನ್ ಎಫ್‌ಸಿ ಕೊಚ್ಚಿನ್‌ನಲ್ಲಿ ಆಡಿ ಅವರು ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದರು. 2000–01ರ ರಾಷ್ಟ್ರೀಯ ಲೀಗ್‌ನಲ್ಲಿ ನಾಯಕನ ಪಟ್ಟಿ ಅವರ ತೋಳಿಗೆ ಬಂತು. ಆ ಲೀಗ್ ಈಸ್ಟ್ ಬೆಂಗಾಲ್‌ಗೆ ಅಲ್ಲಿಯವರೆಗೆ ಒಲಿದಿರಲಿಲ್ಲ, ಎದುರು ಮನೆಯ ಮೋಹನ್ ಬಾಗಾನ್ ಮಾತ್ರ ಎರಡು ಸಲ ಗೆದ್ದುಕೊಂಡಿತ್ತು. ಕೋಚ್ ಮನೋರಂಜನ್ ಭಟ್ಟಾಚಾರ್ಯ. ತಿಂಗಳುಗಟ್ಟಲೆ ನಡೆಯುವ ಲೀಗ್‌ನಲ್ಲಿ ಒಂದು ಪಂದ್ಯದ ಆವೇಶ ಕೆಲಸಕ್ಕೆ ಬರುವುದಿಲ್ಲ. ಗೆಲ್ಲಬೇಕಾದ ಸಣ್ಣ ಪಂದ್ಯಗಳಲ್ಲಿ ಜಾರದೆ, ಸೋಲುವಂತಿದ್ದ ಪಂದ್ಯಗಳನ್ನು ಸಮ ಮಾಡಿಕೊಂಡು ಸಾಗಬೇಕು. ಕೊನೆಗೆ ಈಸ್ಟ್ ಬೆಂಗಾಲ್ ಗೆದ್ದದ್ದು ಮೋಹನ್ ಬಾಗಾನ್‌ಗಿಂತ ಒಂದೇ ಒಂದು ಅಂಕ ಮೇಲಿದ್ದು. ಭಾರತ ತಂಡವನ್ನೂ ಮುನ್ನಡೆಸಿದ್ದ ಚಾಪ್ಮನ್, ಆ ಪ್ರಶಸ್ತಿಯ ವರ್ಷವೇ ವೃತ್ತಿಪರ ಆಟ ನಿಲ್ಲಿಸಿ ಕೋಚಿಂಗ್‌ಗೆ ಇಳಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49. ಕೋಲ್ಕತ್ತದಲ್ಲಿ ಅದು ದೊಡ್ಡ ಸುದ್ದಿ. ನಮ್ಮ ರಾಜ್ಯದ ಹುಡುಗರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು? ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅದು ಇರಲಿ, ಚೆಂದವೇ. ಚಾಪ್ಮನ್‌ಗೂ ರಾಜ್ಯದಲ್ಲಿ ಎಲ್ಲಾದರೂ ಒಂದು ಅಂಗಳದ ಹೆಸರು ಸಲ್ಲಬೇಕು ಎನ್ನುವುದು ನನ್ನ ಅಭಿಪ್ರಾಯ.

ಇನ್ನೂ ಹಿಂದೆ ಹೋದರೆ ಕೆಂಪಯ್ಯ ಇದ್ದಾರೆ. ಆಗ ಮಿಡ್‌ಫೀಲ್ಡರ್ ಎಂಬ ಮಾತಿರಲಿಲ್ಲ, ಹಾಫ್‌ಬ್ಯಾಕ್ ಅನ್ನುತ್ತಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತಲ್ಲ, ಆ ತಂಡದಲ್ಲಿ ಬೆಂಗಳೂರಿನ ಈ ಹಾಫ್‌ಬ್ಯಾಕ್ ಇದ್ದರು. ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದ ಪಂದ್ಯದಲ್ಲಿ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರು ಕ್ರೀಡಾ ರಸಪ್ರಶ್ನೆಗಳಲ್ಲಿ ಬರುತ್ತದೆ. ಕೆಂಪಯ್ಯನವರ ಹೆಸರು ಬರುವುದಿಲ್ಲ.

ಇಷ್ಟರವರೆಗೆ ಹೇಳಿದ್ದು ಆಟ ಅಂದುಕೊಂಡಂತೆ ನಡೆಯುವಾಗಿನ ಮಾತು. ಲೆಕ್ಕ ತಪ್ಪಿದಾಗ ನಾಯಕ ಏನು ಮಾಡುತ್ತಾನೆ ಎಂಬುದು ಬೇರೆ ಕತೆ. ಅದಕ್ಕೆ 2005ರ ಮೇ 25ರಂದು ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಮೊದಲಾರ್ಧ ಮುಗಿದಾಗ ಮಿಲಾನ್ 3, ಲಿವರ್‌ಪೂಲ್ 0. ಲಿವರ್‌ಪೂಲ್ ನಾಯಕ ಸ್ಟೀವನ್ ಜೆರಾರ್ಡ್ ಮಿಡ್‌ಫೀಲ್ಡರ್. 54ನೇ ನಿಮಿಷದಲ್ಲಿ ಅವರು ತಲೆಯಿಂದ ಗೋಲು ಹೊಡೆದು, ಎರಡೂ ಕೈ ಮೇಲೆತ್ತಿ ಪ್ರೇಕ್ಷಕರನ್ನು ಎಬ್ಬಿಸುತ್ತ ಓಡಿದ ದೃಶ್ಯ ಎಲ್ಲರಿಗೂ ಗೊತ್ತು. ಆರು ನಿಮಿಷದೊಳಗೆ 3–3 ಆಯಿತು.

ಇದರಲ್ಲಿ ಎರಡು ಸಂಗತಿ ಮರೆತುಹೋಗುತ್ತವೆ. ವಿರಾಮದ ಹೊತ್ತಿಗೆ ಕೋಚ್ ರಫಾ ಬೆನಿಟೆಜ್, ಡೀಟ್‌ಮರ್ ಹಾಮನ್ ಎಂಬ ಜರ್ಮನ್ ಆಟಗಾರನನ್ನು ನಡುವಿಗೆ ತಂದರು. ಮಿಲಾನ್‌ನ ಕಾಕಾ ನುಗ್ಗುತ್ತಿದ್ದ ದಾರಿಗೆ ಹಾಮನ್ ಬಾಗಿಲು ಹಾಕಿದ್ದರಿಂದಲೇ ಜೆರಾರ್ಡ್‌ಗೆ ಮುಂದೆ ಹೋಗಲು ಬಿಡುವು ಸಿಕ್ಕಿತು. ನಾಯಕನ ಒಳ್ಳೆಯ ಆಟದ ಬೆನ್ನಿಗೆ ಹೀಗೆ ಯಾರೋ ಒಬ್ಬ ಹಾಮನ್ ನಿಂತಿರುತ್ತಾನೆ. ಎರಡನೆಯದು ಇನ್ನೂ ದೊಡ್ಡದು. ಸಮಬಲವಾದ ಮೇಲೆ ಮಿಲಾನ್‌ನ ಸೆರ್ಜಿನ್ಯೊ ಎಡಬದಿಯಿಂದ ಹಾವಳಿ ಎಬ್ಬಿಸಿದಾಗ, ಅವನನ್ನು ಕಟ್ಟಿಹಾಕಲು ಬಲಬದಿಯ ರಕ್ಷಣೆಗೆ ಇಳಿದದ್ದು ನಾಯಕ ಜೆರಾರ್ಡ್. ಕಾಲು ಸೋತ ಹೊತ್ತಿನಲ್ಲಿ, ಹೆಸರು ಬಾರದ ಜಾಗದಲ್ಲಿ, ಹೆಚ್ಚುವರಿ ಅವಧಿ ಮುಗಿಯುವವರೆಗೂ ಅಲ್ಲೇ ಆಡಿದರು. ಪೆನಾಲ್ಟಿ ಶೂಟೌಟ್‌ನಲ್ಲಿ ಲಿವರ್‌ಪೂಲ್ 3–2ರಿಂದ ಗೆದ್ದಿತು. ಆ ಗೋಲಿಗಿಂತ ಬಲಬದಿಯ ಆ ಅರ್ಧ ತಾಸೇ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಕ್ರೊಯೇಷಿಯಾದ ಲುಕಾ ಮೊಡ್ರಿಚ್ ಕತೆ ಬೇರೆ ಥರದ್ದು. 2018ರ ವಿಶ್ವಕಪ್, ಡೆನ್ಮಾರ್ಕ್ ವಿರುದ್ಧ ನಾಕೌಟ್ ಪಂದ್ಯ 1–1. ಹೆಚ್ಚುವರಿ ಅವಧಿ ಮುಗಿಯಲು ನಾಲ್ಕೇ ನಿಮಿಷ ಇರುವಾಗ ಕ್ರೊಯೇಷಿಯಾಗೆ ಪೆನಾಲ್ಟಿ. ನಾಯಕ ಮೊಡ್ರಿಚ್ ಒದ್ದರು, ಗೋಲ್‌ಕೀಪರ್ ಕ್ಯಾಸ್ಪರ್ ಸ್ಮೈಕಲ್ ಹಿಡಿದರು. ಗೆಲ್ಲುವ ಪಂದ್ಯ ಶೂಟೌಟ್‌ಗೆ ಹೋಯಿತು. ಹತ್ತು ನಿಮಿಷದ ಹಿಂದಷ್ಟೇ ಕೈಚೆಲ್ಲಿದವನು ಮತ್ತೆ ಚೆಂಡು ಹಿಡಿದು ಹೋಗುವುದು ಸುಲಭವಲ್ಲ, ಬೇರೆಯವರನ್ನು ಕಳಿಸಿದ್ದರೂ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಮೊಡ್ರಿಚ್ ಹೋದರು, ಅದೇ ಸ್ಮೈಕಲ್‌ನ ಎದುರು ಹೊಡೆದರು. ಕ್ರೊಯೇಷಿಯಾ 3–2ರಿಂದ ಗೆದ್ದು, ರಷ್ಯಾವನ್ನು ಮತ್ತೊಂದು ಶೂಟೌಟ್‌ನಲ್ಲಿ, ಇಂಗ್ಲೆಂಡನ್ನು ಹೆಚ್ಚುವರಿ ಅವಧಿಯಲ್ಲಿ ದಾಟಿ ಫೈನಲ್ ತಲುಪಿತು. ಫೈನಲ್‌ನಲ್ಲಿ ಫ್ರಾನ್ಸಿಗೆ 4–2ರಿಂದ ಸೋತರೂ ಟೂರ್ನಿಯ ಶ್ರೇಷ್ಠ ಆಟಗಾರನ ಗೋಲ್ಡನ್ ಬಾಲ್ ಮೊಡ್ರಿಚ್‌ಗೇ ಬಂತು. ಜನಸಂಖ್ಯೆ 40 ಲಕ್ಷದ ಆಸುಪಾಸಿನ ದೇಶ ಅದು.

ಕಂಠೀರವದ ಫೈನಲ್ ಕೂಡ ಶೂಟೌಟ್‌ಗೇ ಹೋಯಿತು. ಭಾರತದ ಮುಖ್ಯ ಕೋಚ್ ಇಗೋರ್ ಸ್ಟಿಮಾಚ್ ರೆಡ್ ಕಾರ್ಡ್ ಪಡೆದು ನಿಷೇಧದಲ್ಲಿದ್ದರು, ಬೆಂಚಿನಲ್ಲಿ ಸಹಾಯಕ ಕೋಚ್ ಮಹೇಶ್ ಗವಳಿ. ಡಿಫೆಂಡರ್ ಅನ್ವರ್ ಅಲಿ ಮೊದಲಾರ್ಧದಲ್ಲೇ ಗಾಯಗೊಂಡು ಹೊರಹೋಗಿದ್ದರು. ಇಂಥಲ್ಲಿ ನಾಯಕನ ಹೊರೆ ಇಮ್ಮಡಿ. ಮೊದಲ ಪೆನಾಲ್ಟಿಯನ್ನು ಚೆಟ್ರಿಯೇ ತೆಗೆದುಕೊಂಡು ಗೋಲು ಮಾಡಿದರು. ಕೊನೆಗೆ ಹೊಡೆಯುವವನಿಗೆ ಕೀರ್ತಿ ಹೆಚ್ಚು, ಆದರೆ ಸರದಿ ಬರುವ ಮೊದಲೇ ಫಲಿತಾಂಶ ಮುಗಿದೂ ಹೋಗಬಹುದು. ಮೊದಲು ಹೊಡೆದರೆ ಉಳಿದ ನಾಲ್ವರಿಗೆ ದಾರಿ ಆಗುತ್ತದೆ. ಐದೈದು ಹೊಡೆತ ಮುಗಿದಾಗ 4–4. ಆಮೇಲೆ ನವೊರೆಮ್ ಮಹೇಶ್ ಸಿಂಗ್ ಗೋಲು ಮಾಡಿದರು, ಕುವೈತ್‌ನ ಖಾಲಿದ್ ಹಾಜಿಯಾ ಒದ್ದದ್ದನ್ನು ಗುರುಪ್ರೀತ್ ಸಿಂಗ್ ಸಂಧು ಎಡಕ್ಕೆ ಹಾರಿ ತಡೆದರು. ಭಾರತಕ್ಕೆ ಒಂಬತ್ತನೇ ಸ್ಯಾಫ್ ಪ್ರಶಸ್ತಿ.

ಆ ವರ್ಷ ಕರ್ನಾಟಕಕ್ಕೂ ಸುಗ್ಗಿಯೇ. ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ನಮ್ಮ ರಾಜ್ಯ ಮೇಘಾಲಯವನ್ನು 3–2ರಿಂದ ಸೋಲಿಸಿತ್ತು. ಅದಕ್ಕೂ ಹಿಂದೆ ನಾವು ಗೆದ್ದದ್ದು 1968–69ರಲ್ಲಿ, ರಾಜ್ಯಕ್ಕಿನ್ನೂ ಮೈಸೂರು ಎಂಬ ಹೆಸರಿದ್ದಾಗ. ಐವತ್ತನಾಲ್ಕು ವರ್ಷದ ಬರ. ವಿರಾಮಕ್ಕೆ ತುಸು ಮುಂಚೆ ರಾಬಿನ್ ಯಾದವ್ ದೂರದಿಂದ ಹೊಡೆದ ಫ್ರೀಕಿಕ್ ಆ ಪಂದ್ಯದ ಅತಿ ಚೆಂದದ ಗೋಲು. ಆ ತಂಡದ ಹೆಚ್ಚಿನ ಹುಡುಗರು ಬೆಂಗಳೂರಿನ ಲೀಗ್‌ಗಳಲ್ಲಿ ಆಡಿ ಬಂದವರು. ಉತ್ತರ ಕರ್ನಾಟಕದಲ್ಲಿ ಬೆಳಗಾವಿ, ಹುಬ್ಬಳ್ಳಿ, ಧಾರವಾಡ ಬಿಟ್ಟರೆ ಫುಟ್‌ಬಾಲ್ ಕ್ಲಬ್ ಎಂಬುದು ಬೆರಳೆಣಿಕೆ.

ಕ್ಲಬ್ ಇಲ್ಲದಲ್ಲಿ ಶಾಲೆಯೇ ದಾರಿ. ಪ್ರತಿ ವರ್ಷ ಮಳೆಗಾಲದ ಆಸುಪಾಸಿಗೆ ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಶಾಲಾ ಕ್ರೀಡಾಕೂಟಗಳು ನಡೆಯುತ್ತವೆ. ನಾನು ಕಂಡ ಮಟ್ಟಿಗೆ ಫುಟ್‌ಬಾಲ್ ತಂಡದ ನಾಯಕನನ್ನು ಆರಿಸುವ ಕ್ರಮ ಮೂರು ಥರ: ಎತ್ತರದ ಹುಡುಗ, ಹೆಚ್ಚು ಗೋಲು ಹೊಡೆದ ಹುಡುಗ, ಇಲ್ಲವೇ ಊರಿನ ದೊಡ್ಡವರ ಮನೆಯ ಹುಡುಗ. ಆಮೇಲೆ ಆ ಹುಡುಗ ಎದುರಾಳಿಯ ಗೋಲಿನ ಹತ್ತಿರವೇ ನಿಂತು, ಇಲ್ಲಿಗೆ ಕೊಡ್ರೋ ಅಂತ ಕೂಗುತ್ತ ಪಂದ್ಯ ಕಳೆಯುತ್ತಾನೆ. ಸೋತ ಮೇಲೆ ಗೋಲ್‌ಕೀಪರ್‌ಗೆ ಬೈಗುಳ.

ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಹಲವರು ಒಬ್ಬರೇ ನಾಲ್ಕು ಆಟ ನೋಡಿಕೊಳ್ಳುತ್ತೀರಿ, ಅಂಗಳವೂ ಸರಿಯಿರುವುದಿಲ್ಲ, ಅದು ಗೊತ್ತಿದೆ. ಆದರೂ ನಾಯಕನನ್ನು ಆರಿಸುವ ಮುನ್ನ ಒಂದು ಅಭ್ಯಾಸ ಪಂದ್ಯದಲ್ಲಿ ಚೆಂಡಿನ ಮೇಲಿನ ಕಣ್ಣು ತೆಗೆದು ಹುಡುಗರನ್ನು ನೋಡಿ. ಚೆಂಡು ಬರುವ ಮೊದಲೇ ಹಿಂದೆ ಮುಂದೆ ತಿರುಗಿ ನೋಡುವವನು ಯಾರು? ಜೊತೆಗಾರ ಚೆಂಡು ಕಳೆದುಕೊಂಡಾಗ ಕೈ ಬೀಸಿ ಬೈಯುವುದನ್ನು ಬಿಟ್ಟು ಅದನ್ನು ಕಸಿಯಲು ಮೊದಲು ಓಡುವವನು ಯಾರು? ತಂಡ ಎರಡು ಗೋಲು ಹಿಂದೆ ಬಿದ್ದಾಗಲೂ ಚೆಂಡು ನನಗೆ ಕೊಡು ಎಂದು ಕೇಳುವವನು ಯಾರು? ಆ ಹುಡುಗ ಗಿಡ್ಡ ಇರಬಹುದು, ವರ್ಷವಿಡೀ ಒಂದೂ ಗೋಲು ಹೊಡೆದಿರಲಿಕ್ಕಿಲ್ಲ. ಹುಡುಗಿಯರ ತಂಡಕ್ಕೂ ಇದೇ ಮಾತು. ಪಟ್ಟಿಯನ್ನು ಅವರ ತೋಳಿಗೆ ಕಟ್ಟಿ, ಜಾಗ ನಡುವಿನಲ್ಲಿ ಕೊಡಿ.

ಓದುಗರಿಗೂ ಒಂದು ಮಾತು. ಮುಂದಿನ ಸಲ ಟಿವಿಯಲ್ಲಾಗಲಿ ತಾಲ್ಲೂಕು ಕ್ರೀಡಾಕೂಟದಲ್ಲಾಗಲಿ ಪಂದ್ಯ ನೋಡುವಾಗ ಮೊದಲ ಹತ್ತು ನಿಮಿಷ ನಾಯಕನೊಬ್ಬನನ್ನೇ ನೋಡಿ, ಚೆಂಡು ಎಲ್ಲಾದರೂ ಹೋಗಲಿ. ಅಂಗಳದ ಬದಿಯಲ್ಲಿ ನಿಂತು ನೋಡುವುದು ಟಿವಿಗಿಂತ ಒಳ್ಳೆಯದು, ಅಲ್ಲಿ ಯಾವ ಕ್ಯಾಮೆರಾವೂ ನಿಮ್ಮ ಕಣ್ಣನ್ನು ಎಳೆದುಕೊಂಡು ಹೋಗುವುದಿಲ್ಲ.